ಗುಡಿಸಬಾರದ ದಾರಿ

ಥೈಲಿನ್ ಅಡಿಕೆ ಕತ್ತರಿಸುವುದನ್ನು ಬಿಟ್ಟಿದ್ದಾಳೆಂದು ಮೊದಲು ಕಂಡುಹಿಡಿದವಳು ಒಣಮೀನು ಮಾರುವ ಹೆಂಗಸು. ಬುಟ್ಟಿಯನ್ನು ಜಗಲಿಯ ಮೇಲಿಳಿಸಿ, ಹಣೆಗೆ ಕಟ್ಟಿದ ಪಟ್ಟಿ ಬಿಚ್ಚಿ ಕೂತವಳಿಗೆ ಥೈಲಿನ್ ಕೆಂಪು ಚಹಾ ತಂದುಕೊಟ್ಟಳು. ಚಹಾ ಮುಗಿಯಿತು. ಲೋಟ ಕೆಳಗಿಟ್ಟು ಆಕೆ ಕಾದಳು. ಎಲೆಅಡಿಕೆಯ ತಟ್ಟೆ ಬರಲಿಲ್ಲ.

"ಕಾಂಗ್, ಮನೇಲಿ ಅಡಿಕೆ ತೀರಿಹೋಗಿದ್ಯಾ, ಇಲ್ಲಾ ನನ್ನ ಮುಖ ನೋಡಿ ತೀರಿಹೋಯ್ತಾ?"

ನಮ್ಮ ಗುಡ್ಡದಲ್ಲಿ ಅಕ್ಕನಿಗೆ ಕಾಂಗ್ ಎನ್ನುತ್ತಾರೆ, ತಾಯಿಗೆ ಮೇಯ್. ಥೈಲಿನ್ ಉತ್ತರ ಕೊಡುವ ಮೊದಲೇ ಒಳಗಿನಿಂದ ಅವಳ ತಾಯಿ ಸಿತಿಮೋನ್ ಕೆಮ್ಮುತ್ತಾ ಬಂದಳು. ಕಂಕುಳಲ್ಲಿ ತನ್ನ ಡಬ್ಬಿ. ಹಸಿ ಅಡಿಕೆ ಸಿಗಿದು, ಎಲೆಗೆ ಸುಣ್ಣ ಸವರಿ, ಮಡಿಸಿ ಆಕೆಯ ಕೈಗಿಟ್ಟಳು. ಮೀನಿನವಳು ಎದ್ದು ಬೀದಿಯ ತಿರುವು ದಾಟುವವರೆಗೂ ಸಿತಿಮೋನ್ ಮಾತಾಡಲಿಲ್ಲ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು.

"ಏನಿದು?"

"ಚರ್ಚಲ್ಲಿ ಬಿಡಬೇಕು ಅಂದಿದ್ದಾರೆ, ಮೇಯ್. ಅದೂ ಒಂದು ಚಟ ಅಂತೆ. ಕುಡಿತ ಹೇಗೋ ಹಾಗೆ."

"ನಿನ್ನ ಬಾಯಲ್ಲಿ ನೀನು ಬಿಡು. ನನ್ನ ಜಗಲಿ ಮೇಲೆ ಯಾಕೆ ಬಿಟ್ಟೆ?"

"ನಾನು ತಿನ್ನದೇ ಇರೋದನ್ನ ಬೇರೆಯವರಿಗೆ ಹೇಗೆ ಕೊಡ್ಲಿ?"

"ನಿನ್ನ ಗಂಡ ಕುಡಿದು ಬಿದ್ದಿದ್ದಾಗ ನಾನು ಗಂಜಿ ಕೊಟ್ಟಿಲ್ವಾ? ನಾನೇನು ಕುಡಿದಿದ್ನಾ?"

ಥೈಲಿನ್ ಲೋಟ ತೊಳೆಯಲು ಹೋದಳು. ಸತ್ತವರ ಬಗ್ಗೆ ನಮ್ಮಲ್ಲಿ ಸತ್ತರು ಎನ್ನುವುದಿಲ್ಲ, ದೇವರ ಬಾಗಿಲಲ್ಲಿ ಕೂತು ಎಲೆಅಡಿಕೆ ಮೆಲ್ಲಲು ಹೋದರು ಎನ್ನುತ್ತಾರೆ. ಸಿತಿಮೋನ್ ಅದನ್ನೇ ಹಿಡಿದುಕೊಂಡು ಸಂಜೆಯವರೆಗೂ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

"ನಿಮ್ಮ ಸ್ವರ್ಗದಲ್ಲಿ ಎಲೆಅಡಿಕೆ ಇಲ್ಲ ಅಂದ್ಮೇಲೆ ಅಲ್ಲಿ ಕೂತು ಏನ್ಮಾಡ್ತಾರೆ?"

"ಹಾಡ್ತಾರೆ."

"ಇಡೀ ದಿನಾನಾ?"

"ಹೂಂ."

"ಬಾಯಿ ಒಣಗಲ್ವಾ?"

ಮೂಲೆಯಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ ಅಳಿಯ ರಿಶಾನನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ರಿಶಾನ್ ಸುಣ್ಣಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದವನು. ನಮ್ಮಲ್ಲಿ ಗಂಡು ಹೆಂಡತಿಯ ಮನೆಗೆ ಬರುತ್ತಾನೆ. ಇವನು ಬಂದಾಗ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಅಕ್ಕಿ ಸಾರಾಯಿಯ ಬಾಟಲಿ ಇತ್ತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಕುಡಿದ ದಿನ ಹೆಂಡತಿಗೆ ಹೊಡೆಯುತ್ತಿದ್ದ, ಮರುದಿನ ಅಳುತ್ತಿದ್ದ. ಹೋದ ಚಳಿಗಾಲದಲ್ಲಿ ಬೀದಿಯ ಕೊನೆಯ ತಗಡಿನ ಚರ್ಚಿನ ಪಾಸ್ಟರ್ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಅಂದಿನಿಂದ ಅವನು ಬಾಟಲಿ ಮುಟ್ಟಿಲ್ಲ. ಗಂಡ ಹೆಂಡತಿ ಇಬ್ಬರೂ ಹೊಳೆಯಲ್ಲಿ ಮುಳುಗಿ ಎದ್ದು ಆ ಚರ್ಚಿನವರಾದರು. ತಾಯಿ ಅದಕ್ಕೆ ಬೇಡ ಎನ್ನಲಿಲ್ಲ. ಮಗಳ ಕಣ್ಣಿನ ಕೆಳಗಿನ ನೀಲಿ ಹೋಗಿದ್ದನ್ನು ಅವಳೂ ನೋಡಿದ್ದಳು.

ಆದರೆ ಥೈಲಿನ್ ಕೊನೆಯ ಮಗಳು. ಮನೆ, ಒಲೆ, ಹಿರಿಯರ ಕಾರ್ಯ ಎಲ್ಲ ಕೊನೆಯ ಮಗಳದು. ತಾಯಿ ಸುಟ್ಟು ಬೂದಿಯಾದ ಮೇಲೆ ಮೂಳೆ ಆರಿಸಿ, ಬಿಳಿಬಟ್ಟೆಯಲ್ಲಿ ಕಟ್ಟಿ, ಎದೆಗಪ್ಪಿಕೊಂಡು ಗುಡ್ಡದ ಮೇಲಿನ ಕುಲದ ಕಲ್ಲುಗೂಡಿಗೆ ಒಯ್ದು ಅಜ್ಜಿಯ ಮೂಳೆಯ ಪಕ್ಕ ಇಡಬೇಕಾದವಳೂ ಅವಳೇ. ಸಿತಿಮೋನ್ ತನ್ನ ತಾಯಿಯನ್ನು ಹಾಗೇ ಹೊತ್ತಿದ್ದಳು.

*

ಕೆಮ್ಮು ಕಡಿಮೆಯಾಗಲಿಲ್ಲ. ಸಂತೆಯ ಮರುದಿನ ಸಿತಿಮೋನಳ ಅಣ್ಣ ಹಾಜೋಮ್ ಬಂದ. ಕುಲದ ಕಾರ್ಯಗಳನ್ನೆಲ್ಲ ನಡೆಸುವವನು ಅವನು. ಹಲ್ಲಿಲ್ಲದ ಬಾಯಿ, ನೆಟ್ಟಗಿನ ಬೆನ್ನು. ಹಲಗೆಯ ಮೇಲೆ ಅಕ್ಕಿ ಹರಡಿ, ಮೊಟ್ಟೆ ಎಸೆದು ಒಡೆದು, ಚಿಪ್ಪುಗಳು ಬಿದ್ದ ಬಗೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹುಂಜ ಕೊಯ್ದ. ಪುಕ್ಕ ಕಿತ್ತ ಹುಂಜವನ್ನು ಹಿಡಿದು ಅಡಿಗೆಮನೆಗೆ ಬಂದಾಗ ಥೈಲಿನ್ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು.

"ಬೇಯಿಸು."

"ನನ್ನ ಕೈಯಲ್ಲಾಗಲ್ಲ, ಮಾಮಾ."

"ಕೈಗೇನಾಗಿದೆ?"

"ಇದು ಎಡೆಗೆ ಇಟ್ಟಿದ್ದು. ನಾನು ಮುಟ್ಟಂಗಿಲ್ಲ, ತಿನ್ನಂಗಿಲ್ಲ."

"ನಿನ್ನ ತಾಯಿ ಉಸಿರಾಡ್ಲಿ ಅಂತ ಕೊಟ್ಟ ಹುಂಜ ಕಣೇ ಇದು."

"ಉಸಿರು ಕೊಡೋನು ಒಬ್ಬನೇ. ಅವನಿಗೆ ಹುಂಜ ಬೇಕಿಲ್ಲ."

"ಒಬ್ಬನೇ ಅಂತ ನಮಗೆ ಹೇಳೋಕೆ ಬಂದ್ಯಾ? ನಾವು ಮೊದಲಿಂದ ಒಬ್ಬನನ್ನೇ ಕರೀತಾ ಇರೋದು. ಅವನು ಈ ಗುಡ್ಡ ಮಾಡಿದಾಗ ನಮ್ಮ ಕಿವಿಗೆ ಹೇಳಿದ್ದು ಇದು. ನಿಂದು ಹಡಗಲ್ಲಿ ಬಂದಿದ್ದು."

"ಎಲ್ಲಿಂದ ಬಂದ್ರೇನು ಮಾಮಾ, ನಿಜ ನಿಜಾನೇ ಅಲ್ವಾ? ಉಳಿದದ್ದೆಲ್ಲ ಕತ್ತಲೆ."

"ನಿನ್ನ ಅಜ್ಜಿಯೂ ಕತ್ತಲೆಯಲ್ಲಿದ್ದಾಳಾ?"

ಥೈಲಿನ್ ಒಲೆಯ ಕಡೆ ನೋಡಿದಳು. ಹಾಜೋಮ್ ಅದನ್ನೇ ಉತ್ತರವೆಂದು ತೆಗೆದುಕೊಂಡ. ಕೊನೆಗೆ ಹುಂಜವನ್ನು ಬೇಯಿಸಿದ್ದು ಸಿತಿಮೋನಳೇ, ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಿಂದ ಎದೆ ಒತ್ತಿಕೊಂಡು. ಅಂದಿನಿಂದ ಆ ಅಡಿಗೆಮನೆಯಲ್ಲಿ ಎರಡು ಒಲೆಯಾಯಿತು. ಹಳೆಯ ಒಲೆಯಲ್ಲಿ ತಾಯಿಯ ಪಾತ್ರೆ, ಬಾಗಿಲ ಬಳಿ ಮಗಳ ಸೀಮೆಎಣ್ಣೆ ಸ್ಟವ್. ಅಕ್ಕಿ ಒಂದೇ ಚೀಲದ್ದು, ನೀರು ಒಂದೇ ಕೊಡದ್ದು. ರಿಶಾನ್ ಎರಡರ ಮಧ್ಯೆ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಅತ್ತೆಯ ಒಣಮೀನಿನ ಚಟ್ನಿಯ ವಾಸನೆಗೆ ಮೂಗು ಅರಳುತ್ತಿತ್ತು, ಕಾಲು ಮಾತ್ರ ಬಾಗಿಲ ಬಳಿಯ ಸ್ಟವ್ ಕಡೆಗೆ ಹೋಗುತ್ತಿತ್ತು.

"ಚಟ್ನಿಗೆ ಯಾವ ದೇವರೂ ಇಲ್ಲ, ತಗೋ," ಎಂದು ಸಿತಿಮೋನ್ ಒಂದು ಉಂಡೆ ಅವನ ತಟ್ಟೆಯ ಅಂಚಿಗೆ ಹಾಕುತ್ತಿದ್ದಳು.

*

ತಾಯಿ ಹಾಸಿಗೆ ಹಿಡಿದ ಸುದ್ದಿ ಹೋದ ಮೇಲೆ ಉಳಿದ ಇಬ್ಬರು ಮಕ್ಕಳು ಒಂದು ಭಾನುವಾರ ಮಧ್ಯಾಹ್ನ ಬಂದರು. ದೊಡ್ಡವಳು ಸಿಲ್ವರೀನ್ ಮದುವೆಯ ಕಾಲಕ್ಕೇ ಊರಿನ ದೊಡ್ಡ ಚರ್ಚಿಗೆ ಸೇರಿದವಳು. ಗಂಡ ಅಲ್ಲಿ ಸಭೆಯ ಹಿರಿಯನಾಗಿದ್ದ. ಮಗ ಬಾನ್‌ಶಾನ್ ಹೆಂಡತಿಯ ಮನೆಯಲ್ಲಿದ್ದು, ಅವರ ಜೊತೆ ಮೇರಿ ಮಾತೆಯ ಇಗರ್ಜಿಗೆ ಹೋಗುತ್ತಿದ್ದ. ಸಿಲ್ವರೀನ್ ಕರಿ ಎಳ್ಳು ಹಾಕಿ ಬೇಯಿಸಿದ ಹಂದಿಮಾಂಸ ತಂದಿದ್ದಳು. ಎಲ್ಲರೂ ತಾಯಿಯ ಹಾಸಿಗೆಯ ಸುತ್ತ ಕೂತು ಉಂಡರು.

"ಇದಕ್ಕೆ ಎಡೆ ಗಿಡೆ ಏನಿಲ್ಲ, ತಿನ್ನು," ಎಂದಳು ಸಿಲ್ವರೀನ್, ತಂಗಿಗೆ ಬಡಿಸುತ್ತಾ. "ಕ್ರಿಸ್ತನ ದಾರಿ ಬೇಕಿದ್ರೆ ನಮ್ಮ ಚರ್ಚು ಇರ್ಲಿಲ್ವೇನೇ? ತಗಡಿನ ಕೆಳಗೆ ಹೋಗಿ ಕಿರುಚಬೇಕಿತ್ತಾ?"

"ನಿಮ್ಮಲ್ಲಿ ಹಣೆಗೆ ನೀರು ಚಿಮುಕಿಸ್ತಾರೆ ಕಾಂಗ್. ಮುಳುಗಿಸಲ್ಲ. ಅದು ದೀಕ್ಷಾಸ್ನಾನ ಅಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ಏನು?"

"ನಾನೇನೂ ಅನ್ನಲ್ಲ. ಪುಸ್ತಕದಲ್ಲಿ ಹಾಗಿದೆ."

"ಅದೇ ಪುಸ್ತಕ ನಮ್ಮ ಮನೇಲೂ ಇದೆ. ನನ್ನ ಗಂಡ ದಿನಾ ಓದ್ತಾನೆ."

"ಓದೋರೆಲ್ಲ ಒಳಗೆ ಹೋಗಲ್ಲ."

ಸಿಲ್ವರೀನ್ ಸೌಟನ್ನು ಪಾತ್ರೆಗೆ ಬಿಟ್ಟಳು. ಬಾನ್‌ಶಾನ್ ಎಲುಬು ಚೀಪುತ್ತಾ, "ನಾನು? ನಮ್ಮಲ್ಲಿ ಮಾತೆಗೆ ಮೇಣದಬತ್ತಿ ಹಚ್ತೀವಪ್ಪ," ಎಂದ.

"ನಿಂದು ಗೊಂಬೆ ಪೂಜೆ," ಎಂದರು ಅಕ್ಕ ತಂಗಿ ಇಬ್ಬರೂ ಒಟ್ಟಿಗೆ.

"ನೋಡು ಮೇಯ್, ಒಂದು ವಿಷಯದಲ್ಲಾದ್ರೂ ಒಂದಾದ್ರು. ಪುಣ್ಯ ನಂದೇ." ಬಾನ್‌ಶಾನ್ ಕೈ ನೆಕ್ಕಿಕೊಂಡ. "ನಮ್ಮ ಪಾದ್ರಿಯೂ ಇದನ್ನೇ ಹೇಳೋದು, ನಮ್ಮದೊಂದೇ ಮೊದಲಿಂದ ಬಂದದ್ದು ಅಂತ. ಒಂದು ಹೊಟ್ಟೇಲಿ ಹುಟ್ಟಿದ ಮೂರು ಜನಕ್ಕೆ ಮೂರು ಸ್ವರ್ಗ. ಮೇಯ್ ಯಾರನ್ನ ನೋಡೋಕೆ ಬರಬೇಕಾದ್ರೂ ಬಸ್ಸು ಬದಲಾಯಿಸಬೇಕು."

ಸಿತಿಮೋನ್ ಕೆಮ್ಮು ನಿಂತ ಮೇಲೆ ಮಾತಾಡಿದಳು. "ನಾನೆಲ್ಲಿಗೂ ಬರಲ್ಲ. ನನ್ನ ತಾಯಿ ಎಲ್ಲಿದಾಳೋ ಅಲ್ಲಿಗೆ ಹೋಗ್ತೀನಿ. ಹೊರೋರು ಯಾರು ಅಂತ ಹೇಳಿ. ಅಷ್ಟಕ್ಕೇ ಕರೆಸಿದ್ದು."

ಸಿಲ್ವರೀನ್ ಮೆಲ್ಲಗೆ, "ನಮ್ಮ ಚರ್ಚಿನ ಸ್ಮಶಾನದಲ್ಲಿ ಒಳ್ಳೇ ಜಾಗ ಇದೆ, ಮೇಯ್. ಪೈನ್ ಮರದ ಕೆಳಗೆ. ನೀನು ಒಂದು ಮಾತು ಹೂಂ ಅಂದ್ರೆ ಪಾಸ್ಟರ್ ಮನೆಗೇ ಬರ್ತಾರೆ," ಎಂದಳು.

"ನಾಳೆ ಥೈಲಿನ್ ಹೋಗಿಬಿಟ್ರೆ ಅಲ್ಲಿ ನನ್ನ ಪಕ್ಕ ಮಲಗಿಸ್ತಾರಾ?"

"ಇಲ್ಲ, ಅವರದ್ದು ಬೇರೆ ಸ್ಮಶಾನ."

"ಬಾನ್‌ಶಾನ್‌ನ?"

"ಅವನದೂ ಬೇರೆ."

"ನನ್ನ ತಾಯೀನ?"

ಸಿಲ್ವರೀನ್ ಸೆರಗಿನಿಂದ ಮೂಗೊರೆಸಿಕೊಂಡಳು. "ತಗೋ, ಮಾಂಸ ತಣ್ಣಗಾಗ್ತಿದೆ," ಎಂದಳು.

*

ತಾಯಿಯ ಮಾತು ಥೈಲಿನ್‌ಗೆ ಮುಳ್ಳಿನ ಹಾಗೆ ನೆಟ್ಟಿತು. ಮರುದಿನ ಸೌದೆಗೆ ಹೋದವಳು ಸೌದೆ ಬಿಟ್ಟು ಪಾಸ್ಟರನ ಮನೆಗೆ ಹೋದಳು. ಪಾಸ್ಟರ್ ಮೆಲುದನಿಯವನು, ಬಡವ, ತನ್ನ ಮನೆಯ ಆಲೂಗಡ್ಡೆಯನ್ನು ಇಲ್ಲದವರಿಗೆ ಹಂಚುತ್ತಿದ್ದವನು. ಅವಳು ಹೇಳಿದ್ದನ್ನೆಲ್ಲ ಕೇಳಿದ.

"ಒಂದೇ ಸಲ, ಪಾಸ್ಟರ್. ಗಂಟು ಎತ್ತಿಕೊಂಡು ಗುಡ್ಡ ಹತ್ತಿ ಇಟ್ಟು ಬರ್ತೀನಿ. ಪೂಜೆ ಮಾಡಲ್ಲ, ಹುಂಜ ಮುಟ್ಟಲ್ಲ. ತಾಯಿ ಅಂತ ಹೊರ್ತೀನಿ, ಅಷ್ಟೇ."

"ಎಲೆ ಹಾಸ್ತಾ ಹೋಗಬೇಕಲ್ವಾ?"

"ಹೂಂ. ಆತ್ಮಕ್ಕೆ ದಾರಿ ತಿಳೀಲಿ ಅಂತ ಹಾಸ್ತಾರೆ."

"ಆತ್ಮದ ದಾರಿ ಯಾರು, ತಂಗಿ?"

ಉತ್ತರ ಕ್ರಿಸ್ತ ಎಂದು ಥೈಲಿನ್‌ಗೆ ಗೊತ್ತಿತ್ತು.

"ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ನಿಲ್ಲೋಕಾಗಲ್ಲ," ಎಂದ ಪಾಸ್ಟರ್. "ನೀನು ಹೊರೋದನ್ನ ನಿನ್ನ ಗಂಡ ನೋಡ್ತಾನೆ. ದೇವರ ಮುಂದೆ ಕೊಟ್ಟ ಮಾತನ್ನ ಒಂದು ದಿನಕ್ಕೆ ಪಕ್ಕಕ್ಕಿಡಬಹುದು ಅಂತ ಅವನಿಗೆ ಅನ್ನಿಸಿದ್ರೆ? ಅವನು ಪಕ್ಕಕ್ಕಿಡೋದು ಏನನ್ನ ಅಂತ ನಿನಗೇ ಗೊತ್ತು."

ಅವಳು ಮನೆಗೆ ಬಂದಾಗ ಹಾಜೋಮ್ ತಂಗಿಯ ಕಾಲು ತಿಕ್ಕುತ್ತಾ ಕೂತಿದ್ದ. ಥೈಲಿನ್ ಅವನನ್ನೂ ಕೇಳಿದಳು. ಚರ್ಚು ಬಿಡದೆ ಹೊರಬಹುದೇ?

"ಆಗಲ್ಲ. ನೀರು ಚಿಮುಕಿಸಿ ಶುದ್ಧ ಮಾಡಬೇಕು. ನೀನು ಹುಂಜ ತಿಂದು, ಚರ್ಚಿಗೆ ದಾಟಿ ಹೋದದ್ದು ತಪ್ಪು ಅಂತ ಕುಲದ ಮುಂದೆ ಹೇಳಬೇಕು. ಆಮೇಲೆ ಹೊರು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಕೊಂಡು ಬಂದ್ರೆ ಕಲ್ಲುಗೂಡಿನ ಬಾಗಿಲು ತೆಗೆಯಲ್ಲ ನಾನು."

"ಪಾಸ್ಟರ್ ಕೂಡ ಇದೇ ಮಾತು ಹೇಳಿದ."

"ಹೇಳಿರ್ತಾನೆ. ಅವನು ಕಳ್ಳ ಇರಬಹುದು, ದಡ್ಡ ಅಲ್ಲ." ಹಾಜೋಮ್ ಎದ್ದು ನಿಂತ. "ನೀನು ಹೊರದಿದ್ರೆ ನಿನ್ನ ಚಿಕ್ಕಮ್ಮನ ಮಗಳು ಲುಕ್ರಿ ಹೊರ್ತಾಳೆ. ಅವಳು ದಾಟಿ ಹೋಗಿಲ್ಲ, ಅವಳ ಒಲೆ ಹಾಳಾಗಿಲ್ಲ. ಹೊತ್ತವಳಿಗೇ ಮನೆ. ಇದು ನಾನು ಮಾಡಿದ ಕಟ್ಟಳೆ ಅಲ್ಲ."

"ಮನೆ ಬೇಕಿದ್ರೆ ತಗೊಳ್ಳಿ."

"ಬೇಕು ಅಂತ ತಗೋತಾರೇನೇ? ನಿನಗೊಂದು ಹೆಣ್ಣು ಕೂಸಾದ್ರೂ ಇದ್ದಿದ್ರೆ ಅದನ್ನೇ ಕೂರಿಸ್ತಿದ್ದೆ."

ಮಕ್ಕಳಿಲ್ಲದ ಥೈಲಿನ್ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಕೊಡದಲ್ಲಿ ಆಗಲೇ ನೀರಿತ್ತು.

ಸಂಜೆ ತಾಯಿಯ ತಲೆ ಬಾಚುವಾಗ ಸಿತಿಮೋನಳೇ ಮಾತು ತೆಗೆದಳು.

"ರಿಶಾನ್ ಕುಡಿಯೋದು ಬಿಟ್ಟ. ಒಳ್ಳೇದಾಯ್ತು. ಅದಕ್ಕೆ ನನ್ನ ಮೂಳೆ ಯಾಕೆ ಕೊಡಬೇಕು ಅಂತ ನಂಗೆ ಅರ್ಥ ಆಗಲ್ಲ."

"ನಂಗೂ ಆಗಲ್ಲ ಮೇಯ್. ಆದ್ರೆ ಆ ದೇವರು ನಿಜ. ನಾನು ಕಣ್ಣಾರೆ ಕಂಡಿದ್ದೀನಿ."

"ಇರ್ಲಿ. ನಾನೂ ನನ್ನ ತಾಯಿನ ಕಂಡಿದ್ದೀನಿ." ಅವಳು ಉಸಿರು ತೆಗೆದುಕೊಂಡಳು. "ಹೊರಬೇಡ. ಲುಕ್ರಿ ಹೊರಲಿ. ಆದ್ರೆ ಎಲೆ ಹಾಸೋ ದಾರಿ ನಮ್ಮ ಮನೆ ಮುಂದೇನೇ ಹೋಗೋದು. ನಿಂಗೆ ಬೆಳಿಗ್ಗೆ ಎದ್ದ ತಕ್ಷಣ ಪೊರಕೆ ಹಿಡಿಯೋ ಅಭ್ಯಾಸ. ಆ ಎಲೆ ಗುಡಿಸಬೇಡ. ಒಣಗಿ ತಾವಾಗೇ ಹಾರಿಹೋಗೋವರೆಗೂ ಬಿಡು. ನಾನು ನಿಧಾನ ನಡೆಯೋಳು. ಇಷ್ಟಕ್ಕೂ ನಿನ್ನ ಪಾಸ್ಟರನ್ನ ಕೇಳಬೇಕಾ?"

ಥೈಲಿನ್‌ಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಬೇಕಿಲ್ಲ."

"ಗುಡಿಸದೇ ಇರೋದಕ್ಕೆ ಯಾವ ದೇವರೂ ಬೇಡ ಅನ್ನಲ್ಲ. ಅಲ್ವಾ?"

"ಅನ್ನಲ್ಲ ಮೇಯ್. ನಾನು ಗುಡಿಸಲ್ಲ."

"ಹಾಗಾದ್ರೆ ಒಂದು ಅಡಿಕೆ ಸಿಗಿದು ಕೊಡು. ನನ್ನ ಕೈ ನಡುಗ್ತಿದೆ."

ಥೈಲಿನ್ ಸಿಗಿದು ಕೊಟ್ಟಳು. ಬೆರಳಿಗೆ ಹತ್ತಿದ ಸುಣ್ಣವನ್ನು ಬಹಳ ಹೊತ್ತು ತೊಳೆದಳು.

*

ಚಳಿಗಾಲದ ಗಾಳಿ ಬೀಸುವ ವಾರದಲ್ಲಿ ಸಿತಿಮೋನ್ ದೇವರ ಬಾಗಿಲಲ್ಲಿ ಎಲೆಅಡಿಕೆ ಮೆಲ್ಲಲು ಹೋದಳು. ಹಾಜೋಮ್ ಹೆಣದ ಹೊಟ್ಟೆಯ ಮೇಲೆ ಮೊಟ್ಟೆಯಿಟ್ಟ, ಆತ್ಮಕ್ಕೆ ದಾರಿ ಕೆದಕಿ ಕೊಡುವ ಹುಂಜ ಕೊಯ್ದ. ಮೂರು ಚರ್ಚಿನವರೂ ಬಂದು ಜಗಲಿಯಲ್ಲಿ ಕೂತರು. ದೊಡ್ಡ ಚರ್ಚಿನವರು ಹಾಡಬೇಕೆಂದು ಶುರುಮಾಡಿದಾಗ ಹಾಜೋಮ್ ಹೊರಗೆ ಬಂದು ನೋಡಿದ; ನಿಲ್ಲಿಸಿದರು. ಚಹಾ ಮಾಡಿದ್ದು ಥೈಲಿನ್. ಎಲೆಅಡಿಕೆ ಹಂಚಿದ್ದು ಲುಕ್ರಿ. ಬಂದಿಳಿದ ಗಳಿಗೆಯಲ್ಲೇ ಅವಳು ಸಿತಿಮೋನಳ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದಳು. ಕೆಟ್ಟವಳಲ್ಲ. "ಕಾಂಗ್, ಅಕ್ಕಿ ಎಲ್ಲಿಡ್ತೀರಿ?" "ಕಾಂಗ್, ಈ ಕದ ಯಾವಾಗಿಂದ ಹೀಗೆ ಕಿರುಗುಡುತ್ತೆ?" ಎಂದು ಕೇಳುತ್ತಾ ಓಡಾಡಿದಳು.

ಶುಕ್ರವಾರ ಚಿತೆ ಉರಿಯಿತು. ಸಿಲ್ವರೀನ್, ಬಾನ್‌ಶಾನ್, ಥೈಲಿನ್ ಮೂವರೂ ಬೇಲಿಯ ಆಚೆ ನಿಂತಿದ್ದರು. ಹಾಜೋಮ್ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಬೂದಿ ಆರಿದ ಮೇಲೆ ಮೂಳೆ ಆರಿಸಿ ತೊಳೆದು ಕಟ್ಟಿದರು. ಲುಕ್ರಿ ಗಂಟನ್ನು ಎದೆಗಪ್ಪಿಕೊಂಡು ನಡೆದಳು. ಹೊತ್ತವಳು ಹಿಂದೆ ನೋಡಬಾರದು, ಅವಳು ನೋಡಲಿಲ್ಲ. ಬಲಗೈಯಿಂದ ಹಸಿರೆಲೆ ಒಂದೊಂದಾಗಿ ಬಿಡುತ್ತಾ, ಮನೆಯ ಮುಂದಿನ ಬೀದಿ ಹಿಡಿದು, ತಗಡಿನ ಚರ್ಚು ದಾಟಿ, ತೊರೆಯ ಹತ್ತಿರ ಆತ್ಮ ದಾಟಲೆಂದು ಕಡ್ಡಿ ಮತ್ತು ಹುಲ್ಲಿನ ಪುಟ್ಟ ಸೇತುವೆ ಹಾಸಿ, ಗುಡ್ಡ ಹತ್ತಿದಳು. ಥೈಲಿನ್ ತೊರೆಯವರೆಗೆ ಹಿಂದೆ ಹೋದಳು, ಎಲೆಗಳನ್ನು ತುಳಿಯದಂತೆ ಅಂಚಿನಲ್ಲಿ. ಅಲ್ಲಿ ನಿಂತಳು.

ಶನಿವಾರ ಊರೆಲ್ಲ ಪೊರಕೆ ಹಿಡಿಯುವ ದಿನ. ಪ್ರತಿ ಮನೆಯವರು ತಮ್ಮ ಮುಂದಿನ ಬೀದಿ ಗುಡಿಸಲೇಬೇಕು. ಊರ ಮುಖಂಡ ಕೈ ಬೆನ್ನಿಗೆ ಕಟ್ಟಿಕೊಂಡು ನೋಡುತ್ತಾ ಬರುತ್ತಾನೆ. ಸಿತಿಮೋನಳ ಮನೆಯ ಮುಂದೆ ಬಂದಾಗ ಥೈಲಿನ್ ಮೊಣಕಾಲೂರಿ ಕೂತು ಎಲೆಗಳ ನಡುವಿನ ಕಾಗದದ ಚೂರು, ಪೈನ್ ಮುಳ್ಳು, ಕಲ್ಲುಪುಡಿಯನ್ನು ಬೆರಳಿಂದ ಹೆಕ್ಕಿ ಬಿದಿರಿನ ಬುಟ್ಟಿಗೆ ಹಾಕುತ್ತಿದ್ದಳು. ಎಲೆಯನ್ನು ಎತ್ತಿ, ಕೆಳಗಿನ ಕಸ ತೆಗೆದು, ಮತ್ತೆ ಅಲ್ಲೇ ಇಡುತ್ತಿದ್ದಳು. ಮುಖಂಡ ಸ್ವಲ್ಪ ಹೊತ್ತು ನಿಂತು ನೋಡಿದ.

"ಎಲೆ ಇರಲಿ ಬಿಡು," ಎಂದು ಮುಂದೆ ಹೋದ.

ಸಂಜೆ ಪಾಸ್ಟರ್ ಬಂದ. ಲುಕ್ರಿ ಅಡಿಗೆಮನೆಯಲ್ಲಿದ್ದಳು; ಅವನು ಹೊರಗಿನ ಬೆಂಚಿನ ಮೇಲೆ ಕೂತ. ಗಂಡ ಹೆಂಡತಿಗೆ ಚರ್ಚಿನ ಹಿಂದಿನ ಕೋಣೆ ಕೊಡುತ್ತೇನೆಂದು ಅವನು ಮೊದಲೇ ಹೇಳಿದ್ದ. ಬಟ್ಟೆಯ ಗಂಟುಗಳು ಆಗಲೇ ಜಗಲಿಯಲ್ಲಿದ್ದವು.

"ನಾಳೆ ಆರಾಧನೆ ಇದೆ, ತಂಗಿ. ಜನ ಆ ಎಲೆ ಮೇಲೇನೇ ನಡೆದು ಬರಬೇಕು. ಹೊಸಬರು ಇದ್ದಾರೆ. ನಮ್ಮ ಬಾಗಿಲ ಮುಂದೆ ಬೇರೆ ದಾರಿ ಹಾಸಿದ್ರೆ ಅವರೇನು ತಿಳೀಬೇಕು?"

"ತಾಯಿಗೆ ಮಾತು ಕೊಟ್ಟಿದ್ದೀನಿ."

"ಆ ಎಲೆಯಿಂದ ಯಾರಿಗಾದ್ರೂ ದಾರಿ ತಿಳಿಯುತ್ತೆ ಅಂತ ನೀನು ನಂಬ್ತೀಯಾ?"

"ಇಲ್ಲ."

"ಮತ್ತೆ?"

"ನಂಬದೇ ಇರೋದಕ್ಕೇ ಅಲ್ವಾ ಪಾಸ್ಟರ್, ಅಲ್ಲಿದ್ರೆ ನಂಗೇನೂ ಆಗಲ್ಲ ಅನ್ನೋದು? ನಾನು ಗುಡಿಸಲ್ಲ."

ಪಾಸ್ಟರ್ ಸಿಟ್ಟಾಗಲಿಲ್ಲ. ರಿಶಾನನ ಕಡೆ ತಿರುಗಿದ. "ನಾನು ಬಲವಂತ ಮಾಡಲ್ಲ, ತಮ್ಮ. ಸಭೆಯ ಕೋಣೆ ಸಭೆಯವರಿಗೆ. ನೀವು ಯಾರ ಮನೆಯವರು ಅಂತ ಬೆಳಿಗ್ಗೆ ಬೀದಿ ನೋಡಿದ್ರೆ ಎಲ್ಲರಿಗೂ ತಿಳಿಯುತ್ತೆ. ಅಷ್ಟೇ."

ರಿಶಾನ್ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

*

ಭಾನುವಾರ ಬೆಳಕು ಹರಿಯುವಾಗ ಥೈಲಿನ್‌ಗೆ ಪೊರಕೆಯ ಸದ್ದು ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಮೇಯ್ ಎದ್ದಿದ್ದಾಳೆ, ಇನ್ನೊಂದು ಗಳಿಗೆ ಮಲಗಬಹುದು ಎಂದು ಹೊದಿಕೆ ಎಳೆದುಕೊಂಡಳು. ಹೊದಿಕೆ ಗಲ್ಲಕ್ಕೆ ತಾಗುವಷ್ಟರಲ್ಲಿ ಎಚ್ಚರಾಯಿತು.

ಪಕ್ಕದಲ್ಲಿ ರಿಶಾನ್ ಇರಲಿಲ್ಲ.

ಅವಳು ಬರಿಗಾಲಲ್ಲಿ ಓಡಿದಳು. ಬೀದಿಯ ಕಲ್ಲುಗಳು ಒದ್ದೆಯಾಗಿ, ಬೋಳಾಗಿ ಹೊಳೆಯುತ್ತಿದ್ದವು. ಚರ್ಚಿನ ಆಚೆ ತೊರೆಯ ಹತ್ತಿರ ಸಣ್ಣ ಹೊಗೆ. ಹಸಿ ಎಲೆ ಸರಿಯಾಗಿ ಉರಿಯದೆ ಕಮಟಾಗಿ ಹೊಗೆಯಾಡುತ್ತಿತ್ತು. ರಿಶಾನ್ ಹುಲ್ಲಿನ ಸೇತುವೆಯ ಮುಂದೆ ಪೊರಕೆ ಹಿಡಿದು ನಿಂತಿದ್ದ. ಅದನ್ನು ಮಾತ್ರ ಮುಟ್ಟಿರಲಿಲ್ಲ.

"ಯಾಕೋ?"

"ನೀನು ಗುಡಿಸಲ್ಲ ಅಂದೆ. ನೀನು ಮಾತು ಮುರಿದಿಲ್ಲ. ಗುಡಿಸಿದ್ದು ನಾನು."

"ಯಾಕೆ ಗುಡಿಸಿದೆ ಅಂತ ಕೇಳ್ತಿದ್ದೀನಿ."

"ಆ ಕೋಣೆಯೂ ಇಲ್ಲ ಅಂದ್ರೆ ಎಲ್ಲಿಗೆ ಹೋಗ್ತೀಯಾ? ನಿನ್ನಕ್ಕನ ಮನೆಗಾ? ನಾನು ಎಲ್ಲಿಗೆ ಹೋಗ್ತೀನಿ ಗೊತ್ತಾ?" ಅವನು ಪೊರಕೆಯನ್ನು ಗಣಿಯ ಕಡೆ ಚಾಚಿದ. "ಗಣಿ ಹತ್ತಿರದ ಅಂಗಡಿಗೆ. ಭಾನುವಾರ ಇವರ ಜೊತೆ ಕೂರದಿದ್ರೆ ಸೋಮವಾರ ನನ್ನ ಕಾಲು ಅಲ್ಲಿಗೇ ಹೋಗುತ್ತೆ. ನಾನು ಮತ್ತೆ ಕುಡೀಬೇಕಾ, ಹೇಳು. ಹೂಂ ಅನ್ನು, ಈ ಬೂದಿ ನಾನೇ ತಿಂತೀನಿ."

ಅವಳು ಹೂಂ ಎನ್ನಲಿಲ್ಲ. ಬಗ್ಗಿ ಹೊಗೆಯಲ್ಲಿ ಕೈ ಹಾಕಿದಳು. ಸಿಕ್ಕಿದ್ದು ಅರ್ಧ ಸುಟ್ಟ ತೊಟ್ಟುಗಳು. ಒಮ್ಮೆ ಹಾಸಿದ್ದನ್ನು ಮತ್ತೆ ಹಾಸುವಂತಿಲ್ಲ, ಹಾಸಬೇಕಾದವಳೂ ಅವಳಲ್ಲ.

ಹೊಗೆ ಕಂಡು ಹಾಜೋಮ್ ಗುಡ್ಡದ ಕಡೆಯಿಂದ ಇಳಿದು ಬಂದ. ಅವನ ಹೆಜ್ಜೆ ಕೇಳುತ್ತಲೇ ಥೈಲಿನ್ ಗಂಡನ ಕೈಯಿಂದ ಪೊರಕೆ ಕಸಿದುಕೊಂಡಳು. ಮುದುಕ ಬೋಳು ಬೀದಿಯನ್ನು ನೋಡಿದ, ಬೂದಿ ನೋಡಿದ, ಪೊರಕೆ ನೋಡಿದ.

"ನೀನಾ?"

"ಹೂಂ, ಮಾಮಾ."

"ಸರಿ." ಅವನು ಬೈಯಲಿಲ್ಲ. "ನಿನ್ನ ತಾಯಿ ಎಲ್ಲಿಯವರೆಗೆ ನಡೆದಿದ್ದಳೋ, ಅಲ್ಲೇ ನಿಂತಿರ್ತಾಳೆ. ನಿನ್ನ ಮನೆ ಮುಂದೇನೇ ಇರಬಹುದು. ನಿನ್ನ ಮನೆ ಅಲ್ಲ ಈಗ ಅದು." ತಿರುಗಿ ಗುಡ್ಡ ಹತ್ತಿದ. ಹಿಂದೆ ನೋಡಲಿಲ್ಲ.

ಥೈಲಿನ್ ಪೊರಕೆ ಹಿಡಿದು ಮನೆಗೆ ಬಂದಾಗ ಬಿಸಿಲು ಬಂದಿತ್ತು. ದೊಡ್ಡ ಚರ್ಚಿಗೆ ಹೊರಟಿದ್ದ ಮುಖಂಡ ಬೀದಿಯ ನಡುವೆ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

"ಇವತ್ತು ನಿಮ್ಮ ಬೀದಿ ನೋಡೋಕೆ ಚೆಂದ," ಎಂದ. ಒಂದು ಗಳಿಗೆ ಬಿಟ್ಟು, ನಿನ್ನೆಯ ಎಲೆ ನೆನಪಾದವನಂತೆ, ಟೊಪ್ಪಿ ಸರಿಮಾಡಿಕೊಂಡು ಬೇಗ ಬೇಗ ನಡೆದ.

ಅವಳು ಅಡಿಗೆಮನೆಗೆ ಹೋಗಿ ಲುಕ್ರಿಯ ಮುಂದೆ ಕೈ ಚಾಚಿದಳು. "ಆ ಡಬ್ಬಿ ಒಂದ್ಸಲ ಕೊಡು." 

ಲುಕ್ರಿ ಕೊಟ್ಟಳು. ಥೈಲಿನ್ ದೊಡ್ಡ ಹೋಳು ಸಿಗಿದು, ಸುಣ್ಣ ಸ್ವಲ್ಪ ಹೆಚ್ಚೇ ಸವರಿ, ಬಾಯಿಗಿಟ್ಟುಕೊಂಡಳು. ಗಂಟು ಎತ್ತಿಕೊಂಡು ಗಂಡನ ಹಿಂದೆ ಚರ್ಚಿಗೆ ಹೊರಟಳು.

ತಗಡಿನ ಕೆಳಗೆ ಜನ ತುಂಬಿದ್ದರು. ಹಾಡು ಮುಗಿದ ಮೇಲೆ ಪಾಸ್ಟರ್ ಮೆಲುದನಿಯಲ್ಲೇ ಹೇಳಿದ. "ನಮ್ಮಲ್ಲೊಬ್ಬ ತಂಗಿ ಇದ್ದಾಳೆ. ಹೆತ್ತ ತಾಯಿಯ ದುಃಖದಲ್ಲೂ ಇವತ್ತು ಬೆಳಿಗ್ಗೆ ಎದ್ದು, ಕತ್ತಲೆಯ ದಾರಿಯನ್ನು ತನ್ನ ಕೈಯಾರೆ ಗುಡಿಸಿ ನಮಗೆಲ್ಲ ಬೆಳಕಿನ ದಾರಿ ಮಾಡಿಕೊಟ್ಟಿದ್ದಾಳೆ. ತಂಗಿ ಥೈಲಿನ್, ಎದ್ದು ನಿಂತು ಒಂದು ಮಾತು ಹೇಳಮ್ಮ."

ರಿಶಾನ್ ತಲೆ ತಗ್ಗಿಸಿದ.

ಥೈಲಿನ್ ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿದರು. ಬಾಯಿ ತುಂಬ ರಸ ತುಂಬಿತ್ತು. ತೆರೆದರೆ ಗಲ್ಲದ ಮೇಲೆ ಇಳಿಯುತ್ತಿತ್ತು. ಅವಳು ಅಳು ತಡೆಯುತ್ತಿದ್ದಾಳೆಂದು ತಿಳಿದ ಹೆಂಗಸರು ಆಮೆನ್ ಎಂದರು. ಸಭೆಯೆಲ್ಲ ಆಮೆನ್ ಎಂದಿತು. ಅವಳು ಬೆಂಚು ದಾಟಿ, ಬಾಗಿಲು ದಾಟಿ ಹೊರಗೆ ಬಂದಳು.

ಉಗುಳಲು ಜಾಗ ಹುಡುಕಿದಳು. ಚರ್ಚಿನಿಂದ ಮನೆಯವರೆಗೆ, ಮನೆಯಿಂದ ತಿರುವಿನವರೆಗೆ ಬೀದಿ ಚೊಕ್ಕವಾಗಿತ್ತು, ಒಂದೆಲೆಯೂ ಇರಲಿಲ್ಲ. ಮೇಯ್ ಎಲ್ಲಿ ನಿಂತಿದ್ದಾಳೋ ತಿಳಿಯದು. ಯಾವ ಕಲ್ಲಿನ ಮೇಲೂ ಉಗುಳುವಂತಿರಲಿಲ್ಲ.

ನುಂಗಿದಳು.